ಮೊದಲ ಸಲ ಕ್ರಿಕೆಟ್ ನೋಡುವವರಿಗೆ: ಹತ್ತು ವಿಕೆಟ್, ನೂರಿಪ್ಪತ್ತು ಎಸೆತಗಳ ಲೆಕ್ಕ

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಹದಿನೆಂಟನೇ ಆವೃತ್ತಿಯಲ್ಲಿ ಕೊನೆಗೂ ಐಪಿಎಲ್ ಕಪ್ ಗೆದ್ದಿತು. ಅದೇ ವರ್ಷ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಮಹಿಳೆಯರು ಮೊದಲ ಬಾರಿ ಏಕದಿನ ವಿಶ್ವಕಪ್ ಎತ್ತಿದರು. ಟಿ.ವಿ.ಯಲ್ಲಿ ಕ್ರಿಕೆಟ್ ಹಾಕಿದರೆ ಎದ್ದು ಹೋಗುತ್ತಿದ್ದ ಎಷ್ಟೋ ಮಂದಿ ಈ ಎರಡು ಪಂದ್ಯಗಳಿಗೆ ಕೂತರು. ಕೂತ ಮೇಲೆ ಪ್ರಶ್ನೆಗಳು ಶುರು: ಆರು ರನ್ನಿನ ಗೆಲುವಿಗೂ ಆರು ವಿಕೆಟ್ಟಿನ ಗೆಲುವಿಗೂ ಏನು ವ್ಯತ್ಯಾಸ? ಚೆಂಡು ಕಾಲಿಗೆ ಬಡಿದರೆ ಔಟ್ ಏಕೆ? ಮಳೆ ಬಂದರೆ ಗುರಿ ಬದಲಾಗುವುದು ಯಾವ ಲೆಕ್ಕದಲ್ಲಿ? ನಿಯಮಗಳ ಪಟ್ಟಿ ಉದ್ದವಿದೆ, ಆದರೆ ಎಲ್ಲವೂ ಒಂದೇ ಲೆಕ್ಕಕ್ಕೆ ಬಂದು ಸೇರುತ್ತವೆ. ಆ ಲೆಕ್ಕದಿಂದಲೇ ಹೊರಡೋಣ.

ಎರಡು ಬಗೆಯ ಬಂಡವಾಳ

ಎರಡು ತಂಡ, ತಲಾ ಹನ್ನೊಂದು ಆಟಗಾರರು. ಒಂದು ತಂಡ ಬ್ಯಾಟ್ ಮಾಡಿ ರನ್ ಕೂಡಿಸುತ್ತದೆ, ಇನ್ನೊಂದು ಚೆಂಡೆಸೆದು ಅದನ್ನು ತಡೆಯುತ್ತದೆ. ಆಮೇಲೆ ಪಾತ್ರ ಅದಲುಬದಲು. ಹೆಚ್ಚು ರನ್ ಮಾಡಿದವರು ಗೆದ್ದಂತೆ.

ಬ್ಯಾಟ್ ಮಾಡುವ ತಂಡದ ಕೈಯಲ್ಲಿ ಎರಡು ಬಗೆಯ ಬಂಡವಾಳ ಇರುತ್ತದೆ. ಒಂದು, ಎಸೆತಗಳು: ಟಿ20 ಪಂದ್ಯದಲ್ಲಿ 20 ಓವರ್, ಓವರಿಗೆ 6 ಎಸೆತ, ಒಟ್ಟು 120. ಇನ್ನೊಂದು, ವಿಕೆಟ್‌ಗಳು, ಅಂದರೆ ಎಷ್ಟು ಜನ ಔಟ್ ಆಗಬಹುದು ಎಂಬ ಮಿತಿ. ಅಂಕಣದಲ್ಲಿ ಯಾವಾಗಲೂ ಇಬ್ಬರು ಬ್ಯಾಟರ್‌ಗಳು ಜೊತೆಯಾಗಿ ಇರಲೇಬೇಕು. ಹತ್ತು ಜನ ಔಟಾದರೆ ಹನ್ನೊಂದನೆಯವರಿಗೆ ಜೊತೆ ಇಲ್ಲ, ಆಟ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಹತ್ತು ವಿಕೆಟ್. ಎಸೆತಗಳು, ವಿಕೆಟ್‌ಗಳು ಇವೆರಡರಲ್ಲಿ ಯಾವುದು ಮೊದಲು ಮುಗಿದರೂ ಇನಿಂಗ್ಸ್, ಅಂದರೆ ಆ ತಂಡದ ಬ್ಯಾಟಿಂಗ್ ಸರದಿ, ಮುಗಿಯಿತು.

ಜಾತ್ರೆಗೆ ಹತ್ತು ನಾಣ್ಯ ಹಿಡಿದು ಹೋದ ಹುಡುಗನ ಕಷ್ಟ ಇದು. ಮಧ್ಯಾಹ್ನದೊಳಗೆ ಎಲ್ಲ ಖರ್ಚು ಮಾಡಿದರೆ ಸಂಜೆಯ ತನಕ ಬರಿಗೈಯಲ್ಲಿ ನಿಲ್ಲಬೇಕು. ಒಂದನ್ನೂ ಬಿಚ್ಚದೆ ಮನೆಗೆ ತಂದರೆ ಜಾತ್ರೆಗೆ ಹೋದದ್ದೇ ದಂಡ. ಜೋರಾಗಿ ಹೊಡೆಯಲು ಹೋದರೆ ರನ್ ಬರುತ್ತದೆ, ವಿಕೆಟ್ ಹೋಗುವ ಅಪಾಯವೂ ಬೆಳೆಯುತ್ತದೆ. ಎಚ್ಚರದಿಂದ ಆಡಿದರೆ ವಿಕೆಟ್ ಉಳಿಯುತ್ತದೆ, ಎಸೆತಗಳು ಕರಗುತ್ತವೆ.

ಮೇಲೆ ಹೇಳಿದ ಎರಡು ಫೈನಲ್‌ಗಳು ಸೋಲಿನ ಎರಡು ದಾರಿಗಳನ್ನು ತೋರಿಸುತ್ತವೆ. ಐಪಿಎಲ್ ಫೈನಲ್‌ನಲ್ಲಿ ಆರ್‌ಸಿಬಿ 9 ವಿಕೆಟ್‌ಗೆ 190 ರನ್ ಮಾಡಿತು. ಪಂಜಾಬ್ ಕಿಂಗ್ಸ್ 20 ಓವರ್ ಆಡಿ 7 ವಿಕೆಟ್‌ಗೆ 184ಕ್ಕೆ ನಿಂತಿತು. ಕೈಯಲ್ಲಿ ಇನ್ನೂ ಮೂರು ವಿಕೆಟ್ ಇತ್ತು, ಎಸೆತ ಮುಗಿದಿತ್ತು. ಮಹಿಳೆಯರ ಫೈನಲ್‌ನಲ್ಲಿ ಭಾರತ 50 ಓವರ್‌ಗಳಲ್ಲಿ 7 ವಿಕೆಟ್‌ಗೆ 298 ಮಾಡಿದರೆ ದಕ್ಷಿಣ ಆಫ್ರಿಕಾ 246ಕ್ಕೆ ಆಲೌಟ್ ಆಯಿತು. ಅಲ್ಲಿ ಇನ್ನೂ ಓವರ್ ಉಳಿದಿತ್ತು, ವಿಕೆಟ್ ಮುಗಿದಿತ್ತು.

ಮೊದಲು ಬ್ಯಾಟ್ ಮಾಡಿದವರು ಗೆದ್ದರೆ ‘ಇಷ್ಟು ರನ್‌ಗಳಿಂದ’ ಎನ್ನುತ್ತಾರೆ, ಎದುರಾಳಿ ಅಷ್ಟು ಹಿಂದೆ ಉಳಿಯಿತು ಎಂದು. ಎರಡನೆಯದಾಗಿ ಬ್ಯಾಟ್ ಮಾಡಿದವರು ಗೆದ್ದರೆ ‘ಇಷ್ಟು ವಿಕೆಟ್‌ಗಳಿಂದ’ ಎನ್ನುತ್ತಾರೆ: ಗುರಿ ಮುಟ್ಟಿದಾಗ ಅವರ ಬಳಿ ಅಷ್ಟು ವಿಕೆಟ್ ಉಳಿದಿತ್ತು. ಎಷ್ಟು ಎಸೆತ ಉಳಿದಿತ್ತು ಎಂಬುದು ಈ ಮಾತಿನಲ್ಲಿ ಸಿಗುವುದಿಲ್ಲ. ಕೊನೆಯ ಎಸೆತದಲ್ಲಿ ಹೇಗೋ ಗೆದ್ದರೂ ‘ಎಂಟು ವಿಕೆಟ್‌ಗಳ ಜಯ’ ಎಂದೇ ಬರೆಯಬಹುದು.

ಅಂಕಣ ಮತ್ತು ಅಳತೆ

ಮೈದಾನದ ನಡುವಿನ ಗಟ್ಟಿ ಮಣ್ಣಿನ ಪಟ್ಟಿಯೇ ಪಿಚ್. ಉದ್ದ 22 ಗಜ, ಅಂದರೆ 20.12 ಮೀಟರ್, ಅಗಲ 3.05 ಮೀಟರ್. ಎರಡೂ ತುದಿಯಲ್ಲಿ ಮೂರು ಮೂರು ಸ್ಟಂಪ್‌ಗಳು, ಅಂದರೆ ಮರದ ಗೂಟಗಳು, ನೆಲದಿಂದ 28 ಇಂಚು ಎತ್ತರ. ಮೂರೂ ಸೇರಿ 9 ಇಂಚು ಅಗಲ. ತಲೆಯ ಮೇಲೆ ಬೇಲ್ ಎಂಬ ಎರಡು ಚಿಕ್ಕ ಮರದ ತುಂಡುಗಳು. ಈ ಇಡೀ ಜೋಡಣೆಗೂ ವಿಕೆಟ್ ಎಂದೇ ಹೆಸರು, ಒಬ್ಬ ಬ್ಯಾಟರ್ ಔಟಾಗುವುದಕ್ಕೂ ವಿಕೆಟ್ ಎಂದೇ ಹೆಸರು. ಹೊಸಬರಿಗೆ ಮೊದಲ ಗೊಂದಲ ಇಲ್ಲೇ.

ಸ್ಟಂಪ್‌ಗಳ ಮುಂದೆ 4 ಅಡಿ ದೂರದಲ್ಲಿ ಎಳೆದ ಬಿಳಿ ಗೆರೆ ಕ್ರೀಸ್. ಇದನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ರನ್ ಔಟ್, ಸ್ಟಂಪಿಂಗ್, ನೋಬಾಲ್ ಮೂರೂ ತೀರ್ಮಾನವಾಗುವುದು ಈ ಗೆರೆಯ ಮೇಲೆ. ಬ್ಯಾಟರ್‌ನ ಬ್ಯಾಟೋ ದೇಹದ ಯಾವುದಾದರೂ ಭಾಗವೋ ಗೆರೆಯ ಒಳಗೆ ನೆಲ ಮುಟ್ಟಿರಬೇಕು. ಗೆರೆಯ ಮೇಲೆ ಇದ್ದರೆ ಸಾಲದು.

ಆಫ್‌ಸೈಡ್, ಲೆಗ್‌ಸೈಡ್ ಎಂಬ ಎರಡು ಪದ ಕಾಮೆಂಟರಿಯಲ್ಲಿ ನಿಮಿಷಕ್ಕೊಮ್ಮೆ ಕೇಳುತ್ತವೆ. ಬ್ಯಾಟರ್ ಅಡ್ಡ ನಿಂತಾಗ ಎದೆ ಇರುವ ಕಡೆ ಆಫ್, ಬೆನ್ನಿನ ಕಡೆ ಲೆಗ್. ಟಿ.ವಿ. ಕ್ಯಾಮೆರಾ ಸಾಮಾನ್ಯವಾಗಿ ಬೌಲರ್ ಬೆನ್ನ ಹಿಂದೆ ಇರುವುದರಿಂದ, ಬಲಗೈ ಬ್ಯಾಟರ್‌ಗೆ ಪರದೆಯ ಎಡಭಾಗ ಆಫ್, ಬಲಭಾಗ ಲೆಗ್. ಎಡಗೈಯವರಿಗೆ ತಿರುವುಮುರುವು.

ಒಂದು ಎಸೆತದಲ್ಲಿ ಏನೇನಾಗಬಹುದು

ಬೌಲರ್ ತೋಳನ್ನು ಮಡಚಿ ಎಸೆಯುವಂತಿಲ್ಲ. ಎಸೆಯುವಾಗ ಮೊಣಕೈ ನೇರವಾಗುವ ಪ್ರಮಾಣಕ್ಕೆ 15 ಡಿಗ್ರಿಯ ಮಿತಿ ಇದೆ. ಚೆಂಡು ಸಾಮಾನ್ಯವಾಗಿ ಒಮ್ಮೆ ನೆಲಕ್ಕೆ ಬಿದ್ದು ಬ್ಯಾಟರ್ ಹತ್ತಿರ ಬರುತ್ತದೆ. ಬ್ಯಾಟರ್ ಹೊಡೆದು, ಜೊತೆಗಾರನೊಂದಿಗೆ ತುದಿ ಬದಲಿಸಿದರೆ ಒಂದು ರನ್. ಚೆಂಡು ನೆಲ ಮುಟ್ಟಿ ಗಡಿಹಗ್ಗ ದಾಟಿದರೆ ನಾಲ್ಕು, ನೆಲ ಮುಟ್ಟದೆ ದಾಟಿದರೆ ಆರು. ರನ್ ಬಾರದ ಎಸೆತಕ್ಕೆ ಡಾಟ್ ಬಾಲ್ ಎನ್ನುತ್ತಾರೆ. ಹೊಸಬರು ಅದನ್ನು ಏನೂ ಆಗದ ಎಸೆತ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅಲ್ಲಿ ಬ್ಯಾಟಿಂಗ್ ತಂಡದ ಬಂಡವಾಳದಿಂದ ಒಂದು ಎಸೆತ ಪುಕ್ಕಟೆ ಹೋಯಿತು.

ಆರು ಎಸೆತ ಮುಗಿದ ಮೇಲೆ ಇನ್ನೊಬ್ಬ ಬೌಲರ್ ಇನ್ನೊಂದು ತುದಿಯಿಂದ ಎಸೆಯುತ್ತಾರೆ. ಬ್ಯಾಟರ್‌ಗಳು ಇದ್ದಲ್ಲೇ ಇರುತ್ತಾರೆ. ಹಾಗಾಗಿ ಓವರಿನ ಕೊನೆಯ ಎಸೆತದಲ್ಲಿ ಒಂಟಿ ರನ್ ಓಡಿದವರಿಗೇ ಮುಂದಿನ ಓವರಿನ ಮೊದಲ ಎಸೆತ ಸಿಗುತ್ತದೆ. ಜೊತೆಗಾರ ಬಾಲಂಗೋಚಿ ಬ್ಯಾಟರ್ ಆಗಿದ್ದರೆ, ಚೆನ್ನಾಗಿ ಆಡುವವರು ಐದನೇ ಎಸೆತದ ತನಕ ಸುಲಭದ ಸಿಂಗಲ್‌ಗಳನ್ನೂ ಬಿಟ್ಟು ಆರನೆಯದಕ್ಕೆ ಓಡುವುದು ಇದೇ ಕಾರಣಕ್ಕೆ.

ಇನ್ನು ಬೌಲಿಂಗ್ ತಂಡದ ತಪ್ಪಿಗೆ ಸಿಗುವ ಇತರೆ ರನ್‌ಗಳು. ಬ್ಯಾಟರ್ ಕೈಗೆ ಎಟುಕದಷ್ಟು ಆಚೆ ಹೋದ ಚೆಂಡು ವೈಡ್: ಒಂದು ರನ್, ಮೇಲೆ ಆ ಎಸೆತ ಮತ್ತೆ ಹಾಕಬೇಕು. ಸೀಮಿತ ಓವರ್ ಪಂದ್ಯದಲ್ಲಿ (ಟಿ20, ಏಕದಿನ) ಲೆಗ್‌ಸೈಡಿನ ವೈಡ್ ತೀರ್ಪು ಬಹಳ ಬಿಗಿ. ಬೌಲರ್‌ನ ಮುಂಗಾಲು ಕ್ರೀಸನ್ನು ಪೂರ್ತಿ ದಾಟಿದರೆ, ಅಥವಾ ಚೆಂಡು ನೆಲ ಮುಟ್ಟದೆ ಸೊಂಟಕ್ಕಿಂತ ಮೇಲೆ ಬಂದರೆ ನೋಬಾಲ್. ಅದಕ್ಕೂ ಒಂದು ರನ್, ಮತ್ತೊಂದು ಎಸೆತ. ಸೀಮಿತ ಓವರ್‌ಗಳಲ್ಲಿ ಆ ಮುಂದಿನ ಎಸೆತ ಫ್ರೀ ಹಿಟ್. ಫ್ರೀ ಹಿಟ್‌ನಲ್ಲಿ ಬೌಲ್ಡ್, ಕ್ಯಾಚ್, ಎಲ್‌ಬಿಡಬ್ಲ್ಯು (ಚೆಂಡು ಕಾಲಿಗೆ ಬಡಿದು ಔಟಾಗುವುದು) ಯಾವುದೂ ಇಲ್ಲ. ರನ್ ಔಟ್ ಇದೆ. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಹೋದಾಗ ಓಡಿದರೆ ಬೈ, ಮೈಗೆ ತಾಗಿ ಹೋದಾಗ ಓಡಿದರೆ ಲೆಗ್‌ಬೈ.

2022ರ ಅಕ್ಟೋಬರ್ 23ರಂದು ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಟಿ20 ವಿಶ್ವಕಪ್ ಪಂದ್ಯದ ಕೊನೆಯ ಓವರಿನಲ್ಲಿ ಇವುಗಳಲ್ಲಿ ಹಲವು ಒಟ್ಟಿಗೆ ಬಂದವು. ಫ್ರೀ ಹಿಟ್‌ನಲ್ಲಿ ವಿರಾಟ್ ಕೊಹ್ಲಿ ಬೌಲ್ಡ್ ಆದರು. ಫ್ರೀ ಹಿಟ್ ಆದ್ದರಿಂದ ಔಟ್ ಇಲ್ಲ, ಸ್ಟಂಪಿಗೆ ಬಡಿದು ಚಿಮ್ಮಿದ ಚೆಂಡು ಇನ್ನೂ ಆಟದಲ್ಲೇ ಇತ್ತು. ಕೊಹ್ಲಿ ಮತ್ತು ದಿನೇಶ್ ಕಾರ್ತಿಕ್ ಮೂರು ರನ್ ಓಡಿದರು. ಬ್ಯಾಟಿಗೆ ತಾಗದ ಕಾರಣ ಅವು ಬೈ ಲೆಕ್ಕಕ್ಕೆ ಸೇರಿದವು. ಎದುರಾಳಿ ಆಟಗಾರರು ಅಂಪೈರ್ ಸುತ್ತ ಕೂಡಿದರೂ ನಿಯಮ ಸ್ಪಷ್ಟವಿತ್ತು.

ಅಂಪೈರ್ ಸನ್ನೆಗಳು ಗೊತ್ತಿದ್ದರೆ ಸದ್ದು ನಿಲ್ಲಿಸಿಯೂ ಪಂದ್ಯ ನೋಡಬಹುದು. ತೋರುಬೆರಳು ಮೇಲೆತ್ತಿದರೆ ಔಟ್. ಎರಡೂ ಕೈ ಪಕ್ಕಕ್ಕೆ ಚಾಚಿದರೆ ವೈಡ್, ಒಂದೇ ಕೈ ಚಾಚಿದರೆ ನೋಬಾಲ್. ಎರಡೂ ಕೈ ತಲೆಯ ಮೇಲಕ್ಕೆ ಹೋದರೆ ಸಿಕ್ಸರ್, ಎದೆಯ ಮುಂದೆ ಕೈ ಬೀಸಿದರೆ ಬೌಂಡರಿ. ಮೊಣಕಾಲು ಎತ್ತಿ ಮುಟ್ಟಿಕೊಂಡರೆ ಲೆಗ್‌ಬೈ.

ಔಟ್ ಆಗುವ ಬಗೆಗಳು

ನಿಯಮಪುಸ್ತಕದಲ್ಲಿ ಒಂಬತ್ತು ಬಗೆಗಳಿವೆ. ದಿನನಿತ್ಯ ಕಾಣಸಿಗುವುದು ಐದು. ಎಲ್ಲಕ್ಕೂ ಮೊದಲು ಒಂದು ಮಾತು: ಫೀಲ್ಡಿಂಗ್ ತಂಡ ಕೇಳದೆ ಅಂಪೈರ್ ಔಟ್ ಕೊಡುವುದಿಲ್ಲ. ‘ಹೌಸ್ ದಟ್’ ಎಂಬ ಆ ಕೂಗು ಬರೀ ಉತ್ಸಾಹವಲ್ಲ, ಅದು ಅರ್ಜಿ.

ಬೌಲ್ಡ್ ಅಂದರೆ ಚೆಂಡು ಸ್ಟಂಪಿಗೆ ಬಡಿದು ಬೇಲ್ ಬೀಳಬೇಕು. ಬಡಿದೂ ಬೇಲ್ ಅಲುಗದೆ ಕೂತರೆ ಔಟ್ ಇಲ್ಲ. ಅಪರೂಪಕ್ಕೆ ಹಾಗೂ ಆಗುತ್ತದೆ. ಕ್ಯಾಚ್ ಅಂದರೆ ಬ್ಯಾಟಿಗೆ ತಾಗಿದ ಚೆಂಡನ್ನು ನೆಲ ಮುಟ್ಟುವ ಮುನ್ನ ಹಿಡಿಯುವುದು. ಗ್ಲೌಸಿಗೆ ತಾಗಿದರೂ, ಆ ಕೈ ಬ್ಯಾಟ್ ಹಿಡಿದಿದ್ದರೆ, ಬ್ಯಾಟಿಗೆ ತಾಗಿದ ಲೆಕ್ಕವೇ. ಹಿಡಿದವರು ಚೆಂಡು ಕೈಯಲ್ಲಿರುವಾಗ ಗಡಿಹಗ್ಗ ಮುಟ್ಟಿದರೆ ಅದು ಕ್ಯಾಚಲ್ಲ, ಸಿಕ್ಸರ್. 2024ರ ಜೂನ್ 29ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಆರು ಎಸೆತಗಳಲ್ಲಿ 16 ರನ್ ಬೇಕಿದ್ದಾಗ ಡೇವಿಡ್ ಮಿಲ್ಲರ್ ಹೊಡೆದ ಚೆಂಡನ್ನು ಸೂರ್ಯಕುಮಾರ್ ಯಾದವ್ ಹಗ್ಗದ ಅಂಚಿನಲ್ಲಿ ಹಿಡಿದು, ಆಚೆ ಹೋಗುವ ಮೊದಲೇ ಮೇಲಕ್ಕೆ ಎಸೆದು, ಮತ್ತೆ ಒಳಗೆ ಬಂದು ಹಿಡಿದರು. ಆರು ರನ್ ಆಗಬೇಕಿದ್ದದ್ದು ವಿಕೆಟ್ ಆಯಿತು. ಭಾರತ ಗೆದ್ದದ್ದು ಏಳು ರನ್‌ಗಳಿಂದ.

ಕ್ಯಾಚ್ ಆದ ಮೇಲೆ ಹೊಸ ಬ್ಯಾಟರ್ ನೇರವಾಗಿ ಮುಂದಿನ ಎಸೆತ ಎದುರಿಸಬೇಕು, ಓವರ್ ಮುಗಿದಿದ್ದರೆ ಮಾತ್ರ ಬೇರೆ. ಚೆಂಡು ಗಾಳಿಯಲ್ಲಿರುವಾಗ ಬ್ಯಾಟರ್‌ಗಳು ತುದಿ ದಾಟಿಕೊಂಡಿದ್ದರೆ ಅಂಕಣದಲ್ಲಿ ಉಳಿದ ಜೊತೆಗಾರನೇ ಮುಂದಿನ ಎಸೆತ ಆಡಬಹುದು ಎಂಬ ಹಿಂದಿನ ನಿಯಮ 2022ರ ಅಕ್ಟೋಬರ್‌ನಿಂದ ಇಲ್ಲ. ಹಳೆಯ ಅಭಿಮಾನಿಗಳೇ ಇದನ್ನು ಮರೆತು ಈಗಲೂ ವಾದಕ್ಕಿಳಿಯುತ್ತಾರೆ.

ಓಡುತ್ತಿರುವಾಗ ಕ್ರೀಸ್ ಸೇರುವ ಮೊದಲೇ ಚೆಂಡಿನಿಂದ ಬೇಲ್ ಉರುಳಿಸಿದರೆ ರನ್ ಔಟ್. ಉರುಳಿದ ವಿಕೆಟ್ಟಿಗೆ ಯಾರು ಹತ್ತಿರವೋ ಅವರೇ ಔಟ್, ತಪ್ಪು ಯಾರದ್ದೇ ಇರಲಿ. ರನ್ನಿಗೆ ಹೊರಡದೆ, ಬರೀ ಚೆಂಡು ಆಡುವ ಭರದಲ್ಲಿ ಕ್ರೀಸ್ ಬಿಟ್ಟವರನ್ನು, ಸ್ಟಂಪ್‌ಗಳ ಹಿಂದೆ ನಿಲ್ಲುವ ವಿಕೆಟ್‌ಕೀಪರ್ ಹಾಗೆ ಮಾಡಿದರೆ ಸ್ಟಂಪಿಂಗ್. ಬೌಲರ್ ಎಸೆಯುವ ಮುನ್ನವೇ ಆಚೆ ತುದಿಯವರು ಕ್ರೀಸ್ ಬಿಟ್ಟು ಓಡಿದರೆ ಬೌಲರೇ ಅವರನ್ನು ಔಟ್ ಮಾಡಬಹುದು. ಈಗ ನಿಯಮಪುಸ್ತಕದಲ್ಲಿ ಅದೂ ರನ್ ಔಟ್ ಶೀರ್ಷಿಕೆಯ ಕೆಳಗೇ ಇದೆ.

ಉಳಿದವುಗಳಲ್ಲಿ ಸುದ್ದಿಯಾದದ್ದು ಟೈಮ್ಡ್ ಔಟ್: ಒಬ್ಬರು ಔಟಾದ ಮೇಲೆ ಮುಂದಿನವರು ನಿಗದಿತ ಸಮಯದೊಳಗೆ ಆಡಲು ಸಿದ್ಧರಾಗದಿದ್ದರೆ ಆಡದೆಯೇ ಔಟ್. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೀಗೆ ಹೊರನಡೆದರು, ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಅದೇ ಮೊದಲು. ಹೆಲ್ಮೆಟ್ ಪಟ್ಟಿ ಕಿತ್ತುಹೋಗಿತ್ತು.

ಎಲ್‌ಬಿಡಬ್ಲ್ಯು: ಮೂರು ಪ್ರಶ್ನೆ

ಸ್ಟಂಪಿಗೆ ಹೋಗುತ್ತಿದ್ದ ಚೆಂಡನ್ನು ಬ್ಯಾಟಿನಿಂದ ತಡೆಯಬಹುದು, ಕಾಲಿನಿಂದ ತಡೆಯುವಂತಿಲ್ಲ. ನಿಯಮದ ಆಶಯ ಇಷ್ಟೇ. ಆದರೆ ಕಾಲು ಅಡ್ಡ ಬಂದಿರುವುದರಿಂದ ಚೆಂಡು ಸ್ಟಂಪಿಗೆ ಬಡಿದದ್ದನ್ನು ಯಾರೂ ನೋಡಿಲ್ಲ, ಊಹಿಸಬೇಕು. ಆ ಊಹೆಗೆ ಮೂರು ಮೆಟ್ಟಿಲು.

ಮೊದಲು, ಚೆಂಡು ಎಲ್ಲಿ ನೆಲಕ್ಕೆ ಬಿತ್ತು? ಎರಡೂ ತುದಿಯ ಸ್ಟಂಪ್‌ಗಳ ನಡುವೆ ಒಂದು ಪಟ್ಟಿ ಎಳೆದಂತೆ ಕಲ್ಪಿಸಿಕೊಳ್ಳಿ. ಚೆಂಡು ಆ ಪಟ್ಟಿಯಲ್ಲೋ ಆಫ್‌ಸೈಡಿನ ಆಚೆಯೋ ಬಿದ್ದಿರಬೇಕು. ಲೆಗ್‌ಸೈಡಿನ ಆಚೆ ಬಿದ್ದಿದ್ದರೆ ಮುಂದಿನ ಪ್ರಶ್ನೆಯೇ ಇಲ್ಲ, ನಾಟೌಟ್. ಎರಡನೆಯದು, ಕಾಲಿಗೆ ಎಲ್ಲಿ ತಾಗಿತು? ಪಟ್ಟಿಯೊಳಗೆ ತಾಗಿರಬೇಕು. ಆಫ್‌ಸೈಡಿನ ಆಚೆ ತಾಗಿದ್ದರೆ, ಬ್ಯಾಟರ್ ಚೆಂಡನ್ನು ಆಡಲು ನಿಜವಾಗಿ ಪ್ರಯತ್ನಿಸಿದ್ದರೆ ನಾಟೌಟ್. ಬ್ಯಾಟ್ ಎತ್ತಿ ಸುಮ್ಮನೆ ಕಾಲು ಒಡ್ಡಿದ್ದರೆ ಔಟ್ ಕೊಡಬಹುದು. ಮೂರನೆಯದು, ಕಾಲು ಇಲ್ಲದಿದ್ದರೆ ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಔಟ್. ಇವೆಲ್ಲಕ್ಕೂ ಮುಂಚೆ ಚೆಂಡು ಬ್ಯಾಟಿಗೆ ತಾಗಿದ್ದರೆ ಎಲ್‌ಬಿಡಬ್ಲ್ಯು ಪ್ರಶ್ನೆ ಏಳುವುದೇ ಇಲ್ಲ.

ತಂಡಕ್ಕೆ ಅಂಪೈರ್ ತೀರ್ಪು ಒಪ್ಪಿಗೆಯಾಗದಿದ್ದರೆ ಡಿಆರ್‌ಎಸ್ ಎಂಬ ತೀರ್ಪು ಮರುಪರಿಶೀಲನೆಯ ಮೂಲಕ, ಪರದೆಯಲ್ಲಿ ಮತ್ತೆ ನೋಡಿ ಹೇಳುವ ಮೂರನೇ ಅಂಪೈರ್‌ಗೆ ಕಳಿಸಬಹುದು. ಕೇಳಲು 15 ಸೆಕೆಂಡು ಸಮಯ. ಟಿ20, ಏಕದಿನದಲ್ಲಿ ಇನಿಂಗ್ಸಿಗೆ ತಲಾ ಎರಡು ತಪ್ಪು ಮನವಿಗಳಿಗೆ ಅವಕಾಶ. ಮನವಿ ಸರಿಯಾಗಿದ್ದರೆ ಅದು ಖರ್ಚಾಗುವುದಿಲ್ಲ. ಪರದೆಯ ಮೇಲೆ ಬರುವ ಮೂರು ಸಾಲು ಮೇಲಿನ ಮೂರು ಪ್ರಶ್ನೆಗಳೇ.

ಮನೆಮನೆಯಲ್ಲಿ ಜಗಳ ಎಬ್ಬಿಸುವುದು ‘ಅಂಪೈರ್ಸ್ ಕಾಲ್’. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಸ್ಟಂಪಿಗೆ ತಾಗುವಂತೆ ಕಂಡರೆ ಮೈದಾನದ ಅಂಪೈರ್ ಮೊದಲು ಏನು ಹೇಳಿದ್ದರೋ ಅದೇ ಉಳಿಯುತ್ತದೆ. ಒಂದೇ ರೀತಿಯ ಎರಡು ಎಸೆತ, ಒಂದಕ್ಕೆ ಔಟ್, ಇನ್ನೊಂದಕ್ಕೆ ನಾಟೌಟ್. ನೋಡುವವರಿಗೆ ಮೋಸ ಅನ್ನಿಸುತ್ತದೆ. ಆದರೆ ಕಾಲಿಗೆ ತಾಗಿದ ನಂತರದ ಹಾದಿ ಕ್ಯಾಮೆರಾ ಕಂಡದ್ದಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಎಳೆದದ್ದು. ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸ ಇರಬಹುದಾದ ಕಡೆ ಯಂತ್ರಕ್ಕೆ ಪೂರ್ತಿ ಅಧಿಕಾರ ಕೊಡದಿರುವುದು ಈ ವ್ಯವಸ್ಥೆ. ಇಂಥ ತೀರ್ಪಿನಲ್ಲಿ ತಂಡ ಮನವಿಯನ್ನೂ ಕಳೆದುಕೊಳ್ಳುವುದಿಲ್ಲ.

ಪರದೆಯ ಮೂಲೆಯ ಅಂಕಿಗಳು

149/4 (16.2) ಎಂದಿದ್ದರೆ 149 ರನ್, 4 ವಿಕೆಟ್ ಹೋಗಿದೆ, 16 ಓವರ್ ಮತ್ತು 2 ಎಸೆತ ಮುಗಿದಿದೆ. ಬಿಂದುವಿನ ನಂತರದ್ದು ದಶಮಾಂಶವಲ್ಲ, ಎಸೆತ. ಗುರಿ 186 ಎಂದಿಟ್ಟುಕೊಳ್ಳಿ: ಇನ್ನು 37 ರನ್, ಉಳಿದದ್ದು 3 ಓವರ್ 4 ಎಸೆತ, ಅಂದರೆ 22 ಎಸೆತ. 37ನ್ನು 22ರಿಂದ ಭಾಗಿಸಿ 6ರಿಂದ ಗುಣಿಸಿದರೆ ಓವರಿಗೆ 10.09. ಇದು ಬೇಕಾದ ದರ. ಇಲ್ಲಿಯವರೆಗಿನ ದರ 9.12. ಎರಡರ ನಡುವಿನ ಅಂತರ ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ನೋಡುತ್ತಿದ್ದರೆ ಪಂದ್ಯ ಯಾರ ಕಡೆ ವಾಲುತ್ತಿದೆ ಎಂದು ಕಾಮೆಂಟರಿ ಇಲ್ಲದೆಯೂ ತಿಳಿಯುತ್ತದೆ. ಜೊತೆಗೆ ಉಳಿದ ವಿಕೆಟ್ ನೋಡಬೇಕು. ಆರು ವಿಕೆಟ್ ಇರುವಾಗ ಓವರಿಗೆ ಹತ್ತು ಸುಲಭ, ಎರಡೇ ಇದ್ದಾಗ ಅದೇ ಹತ್ತು ಬೆಟ್ಟ.

ಬೌಲರ್‌ಗಳ ಅಂಕಿ ನಾಲ್ಕು ಸಂಖ್ಯೆಗಳ ಸಾಲು: ಓವರ್, ಮೇಡನ್, ಕೊಟ್ಟ ರನ್, ಪಡೆದ ವಿಕೆಟ್. ಮೇಡನ್ ಎಂದರೆ ಬೌಲರ್ ಒಂದೂ ರನ್ ಕೊಡದ ಓವರ್. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಅವರ ಸಾಲು 26.3-9-74-10. ಇಪ್ಪತ್ತಾರು ಓವರ್ ಮೂರು ಎಸೆತ, ಅದರಲ್ಲಿ ಒಂಬತ್ತು ಮೇಡನ್, 74 ರನ್ನಿಗೆ ಹತ್ತೂ ವಿಕೆಟ್.

ಟಿ20ಯಲ್ಲಿ ವಿಕೆಟ್ಟಿಗಿಂತಲೂ ಎಕಾನಮಿ, ಅಂದರೆ ಓವರಿಗೆ ಸರಾಸರಿ ಕೊಟ್ಟ ರನ್, ಹೆಚ್ಚು ಹೇಳುವುದುಂಟು. 2025ರ ಐಪಿಎಲ್ ಫೈನಲ್‌ನಲ್ಲಿ ಎರಡೂ ತಂಡ ಓವರಿಗೆ ಒಂಬತ್ತಕ್ಕಿಂತ ಹೆಚ್ಚಿನ ದರದಲ್ಲಿ ರನ್ ಮಾಡಿದವು. ಆರ್‌ಸಿಬಿಯ ಕೃಣಾಲ್ ಪಾಂಡ್ಯ 4 ಓವರ್‌ಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ಪಡೆದರು, ಓವರಿಗೆ 4.25. ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೆ ಹೋದದ್ದು ಸಹಜ. ಆ ಪಂದ್ಯದ ಕೊನೆಯ ಓವರಿನಲ್ಲಿ ಪಂಜಾಬಿಗೆ 29 ರನ್ ಬೇಕಿತ್ತು. ಆರ್‌ಸಿಬಿಯ ಹೇಜಲ್‌ವುಡ್ ಮೊದಲ ಎರಡು ಎಸೆತ ಡಾಟ್ ಹಾಕಿದರು. ಉಳಿದ ನಾಲ್ಕಕ್ಕೂ ಸಿಕ್ಸರ್ ಬಂದರೂ 24. ವೈಡೋ ನೋಬಾಲೋ ಆದರೆ ಹೊರತು ಲೆಕ್ಕ ಅಲ್ಲಿಗೆ ಮುಗಿದಿತ್ತು. ಆಮೇಲೆ ಶಶಾಂಕ್ ಸಿಂಗ್ ಹೊಡೆದ 22 ರನ್ ಅಂತರವನ್ನಷ್ಟೇ ಇಳಿಸಿತು.

ಚೆಂಡು ತಿರುಗುವುದು ಏಕೆ

ಚೆಂಡಿನ ತೂಕ ಪುರುಷರ ಪಂದ್ಯದಲ್ಲಿ 155.9ರಿಂದ 163 ಗ್ರಾಂ. ಮಹಿಳೆಯರದ್ದು ಸ್ವಲ್ಪ ಹಗುರ. ನಡುವೆ ಉಬ್ಬಿದ ಹೊಲಿಗೆ, ಅದೇ ಸೀಮ್. ಆಟಗಾರರು ಚೆಂಡಿನ ಒಂದು ಬದಿಯನ್ನು ಮಾತ್ರ ಪ್ಯಾಂಟಿಗೆ ತಿಕ್ಕುತ್ತಾರೆ. ನುಣುಪು ಬದಿಯ ಮೇಲೂ ಒರಟು ಬದಿಯ ಮೇಲೂ ಗಾಳಿ ಬೇರೆ ಬೇರೆ ರೀತಿ ಹರಿದು ಚೆಂಡು ಒರಟು ಬದಿಯತ್ತ ಬಾಗುತ್ತದೆ. ಇದು ಸ್ವಿಂಗ್. ಚೆಂಡು ಹಳತಾಗಿ, ವೇಗವೂ ಹೆಚ್ಚಿದ್ದಾಗ ಉಲ್ಟಾ ದಿಕ್ಕಿಗೆ ಬಾಗಿದರೆ ರಿವರ್ಸ್ ಸ್ವಿಂಗ್. ನೆಲಕ್ಕೆ ಹೊಲಿಗೆ ತಾಗಿ ದಿಕ್ಕು ಬದಲಾದರೆ ಅದು ಸೀಮ್ ಚಲನೆ. ಪಿಚ್‌ನಲ್ಲಿ ತೇವ ಇದ್ದರೆ ಇದು ಜಾಸ್ತಿ.

ಮಣ್ಣು, ಮೋಡ ಎಷ್ಟು ಕೆಲಸ ಮಾಡುತ್ತವೆ ಎಂಬುದು 2024ರ ಅಕ್ಟೋಬರ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಂಡಿತು. ಹಿಂದಿನ ದಿನ ಮಳೆಗೆ ಆಟವೇ ಇರಲಿಲ್ಲ. ಮೋಡದ ಕೆಳಗೆ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆರಿಸಿಕೊಂಡು ನ್ಯೂಜಿಲೆಂಡ್ ವಿರುದ್ಧ 46ಕ್ಕೆ ಆಲೌಟ್ ಆಯಿತು, ತವರಿನ ಟೆಸ್ಟ್‌ಗಳಲ್ಲಿ ಭಾರತದ ಕನಿಷ್ಠ ಮೊತ್ತ. ಟಾಸ್ ಬರೀ ಸಂಪ್ರದಾಯವಲ್ಲ ಎನ್ನಲು ಬೇರೆ ಸಾಕ್ಷಿ ಬೇಡ. ರಾತ್ರಿ ನಡೆಯುವ ಟಿ20ಗಳಲ್ಲಿ ಲೆಕ್ಕ ಬೇರೆ: ಎರಡನೇ ಇನಿಂಗ್ಸ್ ಹೊತ್ತಿಗೆ ಇಬ್ಬನಿ ಬಿದ್ದು ಚೆಂಡು ಒದ್ದೆಯಾಗುತ್ತದೆ, ಸ್ಪಿನ್ನರ್‌ಗಳ ಬೆರಳಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಹಲವು ನಾಯಕರು ಟಾಸ್ ಗೆದ್ದು ಬೌಲಿಂಗ್ ಆರಿಸುತ್ತಾರೆ.

ಸ್ಪಿನ್ನರ್‌ಗಳು ನಿಧಾನವಾಗಿ, ಬೆರಳು ಅಥವಾ ಮಣಿಕಟ್ಟಿನಿಂದ ಚೆಂಡನ್ನು ತಿರುಗಿಸುತ್ತಾರೆ. ಬಲಗೈ ಬ್ಯಾಟರ್‌ಗೆ ಆಫ್ ಕಡೆಯಿಂದ ಒಳಗೆ ಬಂದರೆ ಆಫ್‌ಸ್ಪಿನ್, ಲೆಗ್ ಕಡೆಯಿಂದ ಹೊರಗೆ ಹೋದರೆ ಲೆಗ್‌ಸ್ಪಿನ್. ಲೆಗ್‌ಸ್ಪಿನ್ನರ್ ಅದೇ ಕೈಚಳಕದಲ್ಲಿ ಒಳಗೆ ತಂದರೆ ಗೂಗ್ಲಿ. ಈ ವಿದ್ಯೆಯಲ್ಲಿ ಕರ್ನಾಟಕದ ಪರಂಪರೆ ದೊಡ್ಡದು. ಆಫ್‌ಸ್ಪಿನ್‌ಗೆ ಎರಪಳ್ಳಿ ಪ್ರಸನ್ನ. ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ವೇಗದ ಗೂಗ್ಲಿ ಹಾಕುತ್ತಿದ್ದ ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಕುಂಬ್ಳೆ ಚೆಂಡು ಹೆಚ್ಚು ತಿರುಗುತ್ತಿರಲಿಲ್ಲ. ವೇಗ ಮತ್ತು ಪುಟಿತ ಅವರ ಆಯುಧ, 619 ಟೆಸ್ಟ್ ವಿಕೆಟ್ ಅದರ ಫಲ.

ಟಿ20ಯಲ್ಲಿ ಒಬ್ಬ ಬೌಲರ್‌ಗೆ ನಾಲ್ಕೇ ಓವರ್. ಇಪ್ಪತ್ತು ಓವರ್ ತುಂಬಲು ಕನಿಷ್ಠ ಐವರು ಬೇಕು. ಹನ್ನೊಂದರಲ್ಲಿ ಐವರು ಬೌಲರ್‌ಗಳಾದರೆ ಬ್ಯಾಟಿಂಗಿಗೆ ಕೀಪರ್ ಸೇರಿ ಆರೇ ಜನ. ಎರಡೂ ಬಲ್ಲ ಆಲ್‌ರೌಂಡರ್‌ಗೆ ಹರಾಜಿನಲ್ಲಿ ಬೆಲೆ ಏರುವುದು ಈ ಗಣಿತದಿಂದ. 2023ರಿಂದ ಐಪಿಎಲ್‌ನಲ್ಲಿ ಪಂದ್ಯದ ನಡುವೆ ಒಬ್ಬರನ್ನು ಬದಲಿಸುವ ‘ಇಂಪ್ಯಾಕ್ಟ್ ಪ್ಲೇಯರ್’ ನಿಯಮ ಬಂದು ಈ ಕಟ್ಟು ಸ್ವಲ್ಪ ಸಡಿಲವಾಗಿದೆ.

ಪವರ್‌ಪ್ಲೇ

ಪಿಚ್ ಸುತ್ತ 30 ಗಜದ ವೃತ್ತ ಇದೆ. ಟಿ20ಯ ಮೊದಲ ಆರು ಓವರ್‌ಗಳಲ್ಲಿ ಆ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು ಇರಬಹುದು, ಆಮೇಲೆ ಐವರು. ಆ ಮೊದಲ ಆರು ಓವರ್‌ಗಳೇ ಪವರ್‌ಪ್ಲೇ. ಹಾಗಾಗಿ ಮೊದಲ ಆರರಲ್ಲಿ ವೃತ್ತದ ತಲೆಯ ಮೇಲಿಂದ ಹೊಡೆದ ಚೆಂಡು ಬಹುತೇಕ ಬೌಂಡರಿ. ಚೆಂಡೂ ಹೊಸತಾಗಿದ್ದು ಸ್ವಿಂಗ್ ಆಗುತ್ತಿರುತ್ತದೆ, ಆದ್ದರಿಂದ ವಿಕೆಟ್ಟೂ ಬೀಳುತ್ತದೆ. ಏಕದಿನದಲ್ಲಿ ಮೊದಲ ಹತ್ತು ಓವರ್ ಇಬ್ಬರು, 40ರ ತನಕ ನಾಲ್ವರು, ಕೊನೆಯ ಹತ್ತರಲ್ಲಿ ಐವರು.

ಟೆಸ್ಟ್ ಏಕೆ ಬೇರೆ

ಏಕದಿನವೆಂದರೆ ತಂಡಕ್ಕೆ 50 ಓವರ್, ಬೌಲರ್‌ಗೆ ಹತ್ತರ ಮಿತಿ. ಟೆಸ್ಟ್ ಐದು ದಿನ, ದಿನಕ್ಕೆ 90 ಓವರ್, ಪ್ರತಿ ತಂಡಕ್ಕೆ ಎರಡು ಇನಿಂಗ್ಸ್. ಇಲ್ಲಿ ಎಸೆತಗಳಿಗೆ ಬರ ಇಲ್ಲ, ವಿಕೆಟ್ ಮಾತ್ರ ಹತ್ತೇ. ಬಂಡವಾಳದ ಒಂದು ಬದಿ ಹೀಗೆ ಹಿಗ್ಗಿದೊಡನೆ ಆಟದ ಸ್ವಭಾವವೇ ತಿರುಗುತ್ತದೆ: ಡಾಟ್ ಬಾಲ್ ನಷ್ಟವಲ್ಲ, ವಿಕೆಟ್ ಕಾಯುವುದೇ ಕೆಲಸ. ರಾಹುಲ್ ದ್ರಾವಿಡ್ ಗಂಟೆಗಟ್ಟಲೆ ಚೆಂಡು ಬಿಡುತ್ತಾ ನಿಂತದ್ದಕ್ಕೆ ಅಷ್ಟು ಗೌರವ ಏಕೆ ಎಂದು ಟಿ20 ಕಣ್ಣಿನಿಂದ ನೋಡಿದರೆ ತಿಳಿಯದು. ಗೆಲ್ಲಲು ಎದುರಾಳಿಯ ವಿಕೆಟ್‌ಗಳನ್ನು ಎರಡು ಸಲ ಉರುಳಿಸಬೇಕು. ಅಷ್ಟರಲ್ಲಿ ಐದು ದಿನ ಮುಗಿದರೆ ಡ್ರಾ. ಸಾಕಷ್ಟು ರನ್ ಆಯಿತು ಎನ್ನಿಸಿದರೆ ನಾಯಕ ಡಿಕ್ಲೇರ್ ಮಾಡಿಕೊಳ್ಳಬಹುದು, ಅಂದರೆ ತನ್ನ ತಂಡದ ಇನಿಂಗ್ಸನ್ನು ಅಲ್ಲಿಗೇ ಮುಗಿಸಬಹುದು. ಮೊದಲು ಆಡಿದ ತಂಡಕ್ಕೆ 200 ರನ್ ಅಥವಾ ಹೆಚ್ಚಿನ ಮುನ್ನಡೆ ಸಿಕ್ಕಿದರೆ ಎದುರಾಳಿಯನ್ನೇ ಮತ್ತೆ ಆಡಿಸಬಹುದು, ಅದು ಫಾಲೋಆನ್.

ಮಳೆ ಬಂದರೆ

ಓವರ್ ಕಡಿತವಾದರೆ ಗುರಿಯನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಸಾಲದೇ? ಸಾಲದು. 20 ಓವರಿಗೆ ಹತ್ತು ವಿಕೆಟ್ ಹಂಚಿಕೊಂಡು ಆಡಬೇಕು. 10 ಓವರಿಗೂ ಅದೇ ಹತ್ತು ವಿಕೆಟ್ ಇದ್ದರೆ ಕಣ್ಣು ಮುಚ್ಚಿ ಹೊಡೆಯಬಹುದು. ಹಾಗಾಗಿ ಅರ್ಧ ಓವರಿಗೆ ಗುರಿ ಅರ್ಧಕ್ಕಿಂತ ಹೆಚ್ಚಿರಬೇಕು.

1992ರ ವಿಶ್ವಕಪ್‌ನಲ್ಲಿ ಬೇರೊಂದು ಪದ್ಧತಿ ಇತ್ತು: ಎಷ್ಟು ಓವರ್ ಕಳೆದುಹೋಯಿತೋ, ಮೊದಲ ತಂಡ ಅತಿ ಕಡಿಮೆ ರನ್ ಮಾಡಿದ ಅಷ್ಟು ಓವರ್‌ಗಳನ್ನು ಲೆಕ್ಕದಿಂದ ತೆಗೆಯುವುದು. ಸಿಡ್ನಿಯ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿದ್ದಾಗ ಮಳೆ ಬಂತು. ಎರಡು ಓವರ್ ಹೋಯಿತು. ಇಂಗ್ಲೆಂಡಿನ ಅತಿ ಬಡ ಎರಡು ಓವರ್‌ಗಳಲ್ಲಿ ಬಂದಿದ್ದ ರನ್ ಒಂದೇ, ಆದ್ದರಿಂದ ಗುರಿ ಇಳಿದದ್ದೂ ಒಂದೇ. ಆಟ ಮರಳಿದಾಗ ಒಂದು ಎಸೆತ, 21 ರನ್. ಕ್ರೀಡಾಂಗಣದ ಫಲಕ ಅದನ್ನೂ ತಪ್ಪಾಗಿ 22 ಎಂದು ತೋರಿಸಿತು. ಚೆನ್ನಾಗಿ ಬೌಲ್ ಮಾಡಿದ್ದಕ್ಕೇ ಶಿಕ್ಷೆ.

ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಪದ್ಧತಿ 1997ರಲ್ಲಿ ಬಳಕೆಗೆ ಬಂತು. ಮುಂದೆ ಸ್ಟೀವನ್ ಸ್ಟರ್ನ್ ಅದನ್ನು ಪರಿಷ್ಕರಿಸಿದ್ದರಿಂದ ಈಗ ಡಿಎಲ್ಎಸ್. ಅದರ ತಿರುಳು ನಾವು ಶುರುವಿನಲ್ಲಿ ಕಂಡ ಲೆಕ್ಕವೇ. ಉಳಿದ ಓವರ್, ಉಳಿದ ವಿಕೆಟ್ ಎರಡನ್ನೂ ಸೇರಿಸಿ ‘ಶೇಕಡಾ ಇಷ್ಟು ಸಂಪನ್ಮೂಲ’ ಎಂದು ಒಂದೇ ಅಂಕಿ ಮಾಡುತ್ತದೆ. ಪೂರ್ಣ ಇನಿಂಗ್ಸ್ 100. ಮಳೆಯಿಂದ ಯಾರ ಸಂಪನ್ಮೂಲ ಎಷ್ಟು ಕುಗ್ಗಿತು ಎಂದು ನೋಡಿ ಗುರಿ ಹೊಂದಿಸುತ್ತದೆ. ಮೊದಲ ಇನಿಂಗ್ಸ್ ನಡುವೆ ಮಳೆ ಬಂದು ಓವರ್ ಕಡಿತವಾದರೆ ಎರಡನೇ ತಂಡದ ಗುರಿ ಕೆಲವೊಮ್ಮೆ ಮೊದಲನೆಯವರ ಮೊತ್ತಕ್ಕಿಂತ ಬಹಳ ಹೆಚ್ಚಾಗುವುದುಂಟು: ಮೊದಲ ತಂಡ 20 ಓವರ್ ಇದೆ ಎಂದುಕೊಂಡು ನಿಧಾನ ಆಡಿತ್ತು, ಎರಡನೆಯದಕ್ಕೆ ಎಷ್ಟು ಓವರ್ ಎಂದು ಮೊದಲೇ ಗೊತ್ತು. ಟಿ20ಯಲ್ಲಿ ಫಲಿತಾಂಶಕ್ಕೆ ಎರಡನೇ ತಂಡ ಕನಿಷ್ಠ ಐದು ಓವರ್ ಆಡಿರಬೇಕು, ಏಕದಿನದಲ್ಲಿ ಇಪ್ಪತ್ತು.

ನೆಟ್ ರನ್ ರೇಟ್ ಮತ್ತು ಟೈ

ಐಪಿಎಲ್ ಲೀಗ್‌ನಲ್ಲಿ ಗೆದ್ದರೆ ಎರಡು ಪಾಯಿಂಟ್, ಮಳೆಗೆ ಪಂದ್ಯ ಹೋದರೆ ತಲಾ ಒಂದು. ಪಾಯಿಂಟ್ ಸಮವಾದಾಗ ನೆಟ್ ರನ್ ರೇಟ್ ನೋಡುತ್ತಾರೆ: ಇಡೀ ಟೂರ್ನಿಯಲ್ಲಿ ಓವರಿಗೆ ಎಷ್ಟು ಹೊಡೆದಿರಿ ಎಂಬುದರಿಂದ ಓವರಿಗೆ ಎಷ್ಟು ಬಿಟ್ಟುಕೊಟ್ಟಿರಿ ಎಂಬುದನ್ನು ಕಳೆದರೆ ಬರುವ ಅಂಕಿ.

ಇದರಲ್ಲೊಂದು ಕೊಕ್ಕೆ ಇದೆ. ಆಲೌಟ್ ಆದರೆ ಎಷ್ಟೇ ಬೇಗ ಆಗಿದ್ದರೂ ಪೂರ್ತಿ 20 ಓವರ್ ಆಡಿದಂತೆ ಲೆಕ್ಕ. 2017ರ ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ ಆರ್‌ಸಿಬಿ 9.4 ಓವರ್‌ಗಳಲ್ಲಿ 49ಕ್ಕೆ ಉದುರಿತು. ನಿಜವಾದ ದರ ಓವರಿಗೆ ಐದಾದರೂ ಪಟ್ಟಿಗೆ ಹೋದದ್ದು 49 ಭಾಗಿಸು 20, ಅಂದರೆ 2.45. ಎದುರಾಳಿ ಕೂಡ 131ಕ್ಕೆ ಆಲೌಟ್ ಆಗಿತ್ತು, ಅವರದು 6.55. ಒಂದೇ ರಾತ್ರಿಯಲ್ಲಿ ಮೈನಸ್ 4.10. ನಾಲ್ಕು ವರ್ಷ ಹಿಂದೆ, ಅದೇ ಏಪ್ರಿಲ್ 23ರಂದು, ಇದೇ ತಂಡ ಚಿನ್ನಸ್ವಾಮಿಯಲ್ಲಿ 5 ವಿಕೆಟ್‌ಗೆ 263 ಹೊಡೆದಿತ್ತು. ಕ್ರಿಸ್ ಗೇಲ್ ಒಬ್ಬರದೇ 66 ಎಸೆತಗಳಲ್ಲಿ ಅಜೇಯ 175.

ನೆಟ್ ರನ್ ರೇಟ್ ಇದ್ದಾಗ ಬರೀ ಗೆಲುವು ಸಾಲದೇ ಹೋಗಬಹುದು. 2024ರ ಮೇ 18ರಂದು ಬೆಂಗಳೂರಿನಲ್ಲಿ ಆರ್‌ಸಿಬಿ 218 ಮಾಡಿತ್ತು. ಪ್ಲೇಆಫ್‌ಗೆ, ಅಂದರೆ ಲೀಗ್ ನಂತರದ ನಿರ್ಣಾಯಕ ಸುತ್ತಿಗೆ, ಹೋಗಲು ಅದು ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕಿತ್ತು. ಚೆನ್ನೈ ಸೂಪರ್ ಕಿಂಗ್ಸ್ ಸೋತರೂ 201 ಮುಟ್ಟಿದ್ದರೆ ಮುಂದೆ ಹೋಗುತ್ತಿತ್ತು. ಕೊನೆಯ ಓವರಿನಲ್ಲಿ ಚೆನ್ನೈಗೆ ಆ 201ಕ್ಕೆ 17 ಬೇಕಿತ್ತು, ಯಶ್ ದಯಾಳ್ ಬೌಲ್ ಮಾಡಿದರು, ಚೆನ್ನೈ 191ಕ್ಕೆ ನಿಂತಿತು. ಪಂದ್ಯದ ಗುರಿ 219 ಆಗಿದ್ದರೂ ಮೈದಾನದಲ್ಲಿದ್ದವರೆಲ್ಲ ನೋಡುತ್ತಿದ್ದದ್ದು 201ನ್ನು.

ಎರಡೂ ತಂಡದ ರನ್ ಸಮವಾದರೆ ಟೈ, ಟಿ20ಯಲ್ಲಿ ಸೂಪರ್ ಓವರ್: ತಲಾ ಒಂದು ಓವರ್, ಎರಡು ವಿಕೆಟ್ ಬಿದ್ದರೆ ಮುಗಿಯಿತು. 2019ರ ಏಕದಿನ ವಿಶ್ವಕಪ್ ಫೈನಲ್‌ನಲ್ಲಿ ಸೂಪರ್ ಓವರೂ ಸಮವಾಗಿ, ಹೆಚ್ಚು ಬೌಂಡರಿ ಹೊಡೆದಿದ್ದ ಇಂಗ್ಲೆಂಡಿಗೆ ಕಪ್ ಹೋಯಿತು. ಟೀಕೆ ಬಂದ ಮೇಲೆ ಆ ನಿಯಮ ಕೈಬಿಟ್ಟರು. ಈಗ ಒಬ್ಬರು ಗೆಲ್ಲುವ ತನಕ ಸೂಪರ್ ಓವರ್ ಮರುಕಳಿಸುತ್ತದೆ. 2024ರ ಜನವರಿ 17ರಂದು ಚಿನ್ನಸ್ವಾಮಿಯಲ್ಲಿ ಭಾರತ, ಅಫ್ಗಾನಿಸ್ತಾನ ಎರಡೂ 212 ಮಾಡಿದವು. ಮೊದಲ ಸೂಪರ್ ಓವರ್ 16-16. ಎರಡನೆಯದರಲ್ಲಿ ಭಾರತ 11 ಮಾಡಿ, ರವಿ ಬಿಷ್ಣೋಯಿ ಮೂರೇ ಎಸೆತಗಳಲ್ಲಿ ಎರಡು ವಿಕೆಟ್ ಕಿತ್ತು ಎದುರಾಳಿಯನ್ನು 1 ರನ್ನಿಗೆ ಮುಗಿಸಿದರು.